ನಾನೇ ಪ್ಲ್ಯಾನ್ ಮಾಡಿದ ಪಾರ್ಟಿಗೆ ನಾನೇ ಇರಲಿಲ್ಲ

ನಮ್ಮ ಗ್ರೂಪಿನಲ್ಲಿ ನನ್ನ ಹೆಸರು ‘ಲಂಡನ್’. ನಾನಿರುವುದು ಮ್ಯಾಂಚೆಸ್ಟರ್. ಅಲ್ಲಿಂದ ಲಂಡನ್ನಿಗೆ ರೈಲಿನಲ್ಲಿ ಎರಡು ತಾಸಿನ ಮೇಲಾಗುತ್ತೆ. ಆರು ವರ್ಷದಿಂದ ಹೇಳಿ ಹೇಳಿ ಸಾಕಾಗಿ ಈಗ ಆ ಹೆಸರಿಗೇ ಓಗೊಡುತ್ತೇನೆ. ವಿಜಯಪುರದಲ್ಲಿ ಒಂದೇ ಹೈಸ್ಕೂಲಿನಲ್ಲಿ ಓದಿದ ಏಳು ಜನ ನಾವು. ಆರು ಜನರದ್ದು ಮುಗಿದಿತ್ತು, ಏಳನೆಯವನ ಮದುವೆ ಈ ಸಲ ಗೊತ್ತಾಯಿತು, ಫೆಬ್ರುವರಿ ಮೊದಲ ವಾರಕ್ಕೆ.

ಗೊತ್ತಾದ ರಾತ್ರಿಯೇ ಮೆಸೇಜು ಬಂತು. “ಲಂಡನ್, ಬ್ಯಾಚುಲರ್ ಪಾರ್ಟಿ ನಿಂದ ನೋಡ. ಅಲ್ಲಿ ಭಾರಿ ಮಾಡ್ತಾರಂತಲ್ಲ, ಹಂಗ ಮಾಡು.”

ಭಾರಿ ಮಾಡ್ತಾರೆ ಅನ್ನುವುದು ನಿಜ. ಆದರೆ ಅದು ಎಷ್ಟು ಲೆಕ್ಕಪತ್ರದ ಕೆಲಸ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ, ನಮ್ಮ ಆಫೀಸಿನ ಒಬ್ಬ ಇಂಗ್ಲಿಷ್ ಹುಡುಗನ ಮದುವೆಗೆ ಮೊದಲು. ಇಲ್ಲಿ ಇದಕ್ಕೆ ಸ್ಟ್ಯಾಗ್ ಡೂ ಅಂತಾರೆ, ಸ್ಟ್ಯಾಗ್ ಅಂದರೆ ಗಂಡು ಸಾರಂಗ. ಹುಡುಗಿಯರು ಮಾಡುವುದು ಹೆನ್ ಡೂ, ಅಂದರೆ ಕೋಳಿ. ಗಂಡಸರಿಗೆ ಕೊಂಬು, ಹೆಂಗಸರಿಗೆ ಪುಕ್ಕ, ಯಾರು ಮಾಡಿದ ನ್ಯಾಯವೋ. ಫ್ರೆಂಚರು ಇಟ್ಟ ಹೆಸರಿನ ಅರ್ಥ ಅಂತೂ ‘ಹುಡುಗನ ಬಾಳಿಗೆ ಮಣ್ಣು ಕೊಡೋದು’ ಅಂತ. ನಮ್ಮ ಕಡೆ ಮದುವೆ ಮನೆಯಲ್ಲಿ ಆ ಮಾತು ಆಡಿ ನೋಡಿ, ಚಪ್ಪಲಿ ಹುಡುಕುವಷ್ಟೂ ಪುರಸೊತ್ತು ಕೊಡುವುದಿಲ್ಲ.

ಇದನ್ನು ಮಾಡಬೇಕಾದವನು ಬೆಸ್ಟ್ ಮ್ಯಾನ್, ಅಂದರೆ ಮದುಮಗನ ಪಕ್ಕದಲ್ಲಿ ನಿಲ್ಲುವ ಗೆಳೆಯ ಅಥವಾ ಅಣ್ಣತಮ್ಮ. ಮದುವೆ ದಿನ ಮದುಮಗನ ಮಾನ ಕಳೆಯುವಂಥ ಭಾಷಣವೂ ಅವನದ್ದೇ. ಆ ಹುಡುಗನ ಬೆಸ್ಟ್ ಮ್ಯಾನ್ ಅವನ ಅಣ್ಣ, ಇದ್ದಿದ್ದು ಆಸ್ಟ್ರೇಲಿಯಾದಲ್ಲಿ. ಹಾಗಾಗಿ “ನಿನಗೆ ಎಕ್ಸೆಲ್ ಚೆನ್ನಾಗಿ ಬರುತ್ತಲ್ಲ” ಅಂತ ಅರ್ಧ ಕೆಲಸ ನನ್ನ ತಲೆಗೆ ಕಟ್ಟಿದರು. ಪ್ರಾಗ್, ಬುಡಾಪೆಸ್ಟ್ ಅಂತ ವಿಮಾನ ಹತ್ತಿ ಹೋಗುವವರೂ ಇದ್ದಾರೆ. ನಾವು ಯಾರ್ಕ್ ಅಂತ ತೀರ್ಮಾನ ಮಾಡಿದೆವು. ರೋಮನ್ನರ ಕಾಲದ ಹಳೇ ಊರು, ಸುತ್ತ ಕೋಟೆ ಗೋಡೆ, ಹೆಜ್ಜೆಗೊಂದು ಪಬ್ಬು. ಹನ್ನೆರಡು ಜನ, ಎರಡು ರಾತ್ರಿ. ಬಾಡಿಗೆ ಮನೆ ಹುಡುಕಿದರೆ ಅರ್ಧಕ್ಕರ್ಧ ಜಾಹೀರಾತಿನ ಕೆಳಗೆ ಒಂದೇ ಸಾಲು: ಸ್ಟ್ಯಾಗ್, ಹೆನ್ ಪಾರ್ಟಿಗಳಿಗೆ ಕೊಡುವುದಿಲ್ಲ. ಬ್ರಹ್ಮಚಾರಿಗಳಿಗೆ ಮನೆ ಕೊಡಲ್ಲ ಅನ್ನೋದು ಬರೀ ಬೆಂಗಳೂರಿನ ರೋಗ ಅಂದುಕೊಂಡಿದ್ದೆ ನಾನು.

ಇಲ್ಲಿಯ ರೂಢಿ ಹೇಗೆಂದರೆ ಮದುಮಗ ಒಂದು ಪೈಸೆ ಕೊಡುವ ಹಾಗಿಲ್ಲ, ಅವನ ಪಾಲನ್ನು ಉಳಿದವರು ಹಂಚಿಕೊಳ್ಳಬೇಕು. ಎಲ್ಲಿಗೆ ಹೋಗುತ್ತೇವೆ ಅಂತ ಅವನಿಗೆ ಹೇಳುವ ಹಾಗೂ ಇಲ್ಲ. ಕಾರು ಕಲಿಯುವವರು ಹಾಕಿಕೊಳ್ಳುವ ಬಿಳಿ ಮೇಲೆ ಕೆಂಪು ‘ಎಲ್’ ಬೋರ್ಡು ಅವನ ಕೊರಳಿಗೆ ಬೀಳುತ್ತೆ. ಸಂಸಾರ ಇನ್ನೂ ಕಲೀತಾ ಇದ್ದಾನೆ, ದೂರ ಇರಿ ಅಂತ.

ನಾನು ಮೊದಲು ಕಳಿಸಿದ್ದು ಒಂದು ಫಾರ್ಮು. ಹೆಸರು ಹಾಕಬೇಕಿಲ್ಲ, ನಿಮ್ಮ ಕೈಲಿ ಹೆಚ್ಚೆಂದರೆ ಎಷ್ಟು ಕೊಡೋಕೆ ಆಗುತ್ತೆ ಅಷ್ಟೇ ಬರೆಯಿರಿ. ಹನ್ನೊಂದು ಉತ್ತರದಲ್ಲಿ ಎಲ್ಲಕ್ಕಿಂತ ಕಡಿಮೆ ಬಂದಿದ್ದು 250 ಪೌಂಡು, ಅದಕ್ಕೇ ಪ್ಲ್ಯಾನ್ ಕೂಡಿಸಿದೆ. ಯಾರೂ ಯಾರ ಮುಂದೂ ಬಾಯಿ ಬಿಡಬೇಕಾಗಲಿಲ್ಲ. ಹೋಗುವ ಮೂರು ದಿನ ಮೊದಲು ಒಬ್ಬನಿಗೆ ಜ್ವರ ಬಂತು, ಬರಲಿಲ್ಲ. ಮನೆ ಬಾಡಿಗೆಯ ಮುಂಗಡ ವಾಪಸ್ ಬರುವಂಥದ್ದಲ್ಲ, ಅವನು ಪೂರ್ತಿ 250 ಕೊಟ್ಟ, ಮೇಲೆ “ತೊಂದರೆ ಆಯಿತು, ಕ್ಷಮಿಸಿ” ಅಂತ ಬರೆದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನನಗೆ ಒಂಚೂರು ಅನ್ನಿಸಿತು, ಆಮೇಲೆ ಸರಿಯಾಗೇ ಇದೆಯಲ್ಲ ಅಂತಲೂ ಅನ್ನಿಸಿತು.

ಈಗ ನಮ್ಮ ಹುಡುಗರ ವಿಷಯ. ಇಷ್ಟೆಲ್ಲ ಕಲಿತ ಮೇಲೂ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಗೋವಾ ಅಂತ ಬರೆದೆ. ಯಾರನ್ನೂ ಕೇಳಲಿಲ್ಲ. ವಿಜಯಪುರದಿಂದ ಬೆಳಗಾವಿ 200 ಕಿಲೋಮೀಟರ್ ಮೇಲೆ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಇನ್ನೊಂದು ನೂರಕ್ಕೂ ಜಾಸ್ತಿ. ಗಾಡಿ, ಎರಡು ರಾತ್ರಿ ರೂಮು, ಬೋಟು, ಊಟ ಅಂತ ಎಕ್ಸೆಲ್ ಹಾಕಿ ತಲೆಗೆ ₹9,500 ಅಂತ ಗ್ರೂಪಿಗೆ ಎಸೆದೆ. ಬರುವಾಗ ಬಾಟಲಿ ತರಬೇಡಿ, ಪರವಾನಗಿ ಇಲ್ಲದೆ ತಂದರೆ ಗಡಿಯಲ್ಲಿ ಅಬಕಾರಿಯವರು ಹಿಡೀತಾರೆ ಅಂತ ಕೆಳಗೆ ಕೆಂಪು ಅಕ್ಷರದ ಸೂಚನೆ ಬೇರೆ. ಮೂರು ಹೆಬ್ಬೆಟ್ಟು ಬಂದವು. ಪುಣೆಯಲ್ಲಿರುವವನದ್ದು, ಬ್ಯಾಂಕಿನವನದ್ದು, ಮೊಬೈಲ್ ಅಂಗಡಿಯವನದ್ದು. ಮಾಸ್ತರ ಮತ್ತು ಡೋಣಿ, ಇಬ್ಬರೂ ಸುಮ್ಮನೆ. ಎರಡು ನೀಲಿ ಗೆರೆ ಬಿದ್ದಿವೆ, ಮಾತಿಲ್ಲ.

ಮಾಸ್ತರ ಅಂದರೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಪಗಾರ ಯಾವ ತಿಂಗಳದ್ದು ಯಾವ ತಿಂಗಳು ಬರುತ್ತೆ ಅವನಿಗೇ ಗೊತ್ತಿರುವುದಿಲ್ಲ. ಡೋಣಿ ಅಂದರೆ ಡೋಣಿ ಹೊಳೆ ದಂಡೆಯಲ್ಲಿ ಹೊಲ ಇರುವವನು. ಒಂದು ವಾರ ಕಾದು ಮಾಸ್ತರನಿಗೆ ಫೋನ್ ಮಾಡಿದೆ. ಹವಾ ಹೇಗಿದೆ, ಹಿಮ ಬಿತ್ತಾ ಅಂತೆಲ್ಲ ಕೇಳಿದ. ಕೊನೆಗೆ, “ನಾ ಮದಿವಿಗಿ ಅಂತೂ ಇರ್ತೀನಲೇ. ಪಾರ್ಟಿ ನೀವ್ ಮಾಡ್ಕೊಂಡ್ ಬರ್ರಿ” ಅಂದ.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ. ಮುಖ ಪರಿಚಯವೂ ಸರಿಯಾಗಿಲ್ಲದ ಇಂಗ್ಲಿಷರಿಗೆ ನಿಮ್ಮ ಕೈಲಿ ಎಷ್ಟಾಗುತ್ತೆ ಅಂತ ಮರ್ಯಾದೆಯಿಂದ ಕೇಳಿದ್ದೆ. ಒಂದೇ ಡಬ್ಬಿಯಲ್ಲಿ ಬುತ್ತಿ ಉಂಡವನಿಗೆ ಕೇಳಲಿಲ್ಲ, ನಮ್ಮವರೇ ತಾನೆ ಅಂತ. ₹9,500 ಅಂದರೆ ನೂರು ಪೌಂಡೂ ಇಲ್ಲ, ಅಗ್ಗವೇ ಇದೆ ಅಂತ ತಲೆಯಲ್ಲಿ ಪೌಂಡಿನ ಲೆಕ್ಕ ಓಡಿತ್ತು. ಹೊರಗಿರುವ ಎಲ್ಲರಿಗೂ ಈ ಲೆಕ್ಕ ಬಂದೇ ಬರುತ್ತೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಗೋವಾಕ್ಕೆ ಇನ್ನೊಂದು ಮೊಳೆ ಹೊಡೆದಿದ್ದು ಮದುಮಗನ ಅವ್ವ. ಇಲ್ಲಿ ತಿಂಗಳುಗಟ್ಟಲೆ ಗುಟ್ಟು ಕಾಯುತ್ತಾರೆ, ನಮ್ಮ ಗುಟ್ಟು ಎರಡು ತಾಸಿನಲ್ಲಿ ಅವರ ಮನೆ ಪಡಸಾಲೆ ಮುಟ್ಟಿತ್ತು. ಕಾಕು ಸೀದಾ ವಿಡಿಯೋ ಕಾಲ್ ಮಾಡಿದರು. “ಅರಿಷಿಣ ಹಚ್ಚಿದ ಮ್ಯಾಲೆ ಹುಡುಗ ಊರ ದಾಟಂಗಿಲ್ಲ ನೋಡಪಾ. ಏನ್ ಕುಣಿಯೂದೈತಿ ಮೊದ್ಲ ಕುಣದ ಮುಗಸ್ರಿ. ಮತ್ತ ಆ ನೀರಾಗ ಬೋಟ್ ಗೀಟ್ ಅಂತ ಹತ್ತಬ್ಯಾಡ್ರಿ.” ನಾನು ವಿಮಾನ ಬುಕ್ ಮಾಡಿದ್ದು ಅರಿಶಿನದ ದಿನ ಮುಂಜಾನೆ ಊರು ಮುಟ್ಟುವ ಹಾಗೆ. ಪಾರ್ಟಿ ಅದರ ಮಾರನೇ ದಿನ ಅಂತ ಲೆಕ್ಕ ಹಾಕಿದ್ದೆ, ಇಂಗ್ಲೆಂಡಿನ ಲೆಕ್ಕ. ಟಿಕೆಟ್ ಬದಲಿಸೋಣ ಅಂದರೆ ದಂಡ ಟಿಕೆಟ್ಟಿನಷ್ಟೇ, ಆಫೀಸಿನಲ್ಲಿ ರಜೆಯೂ ಉಳಿದಿರಲಿಲ್ಲ. ಹೊರಗಿನಿಂದ ಮದುವೆಗೆ ಬರುವವರು ಯಾರಾದರೂ ಇದ್ದರೆ, ಟಿಕೆಟ್ ತೆಗೆಯುವ ಮೊದಲು ಅಕ್ಕಿಕಾಳಿನ ದಿನ ಅಲ್ಲ, ಅರಿಶಿನದ ದಿನ ಕೇಳಿಕೊಳ್ಳಿ.

ಅಂತೂ ಧನುರ್ಮಾಸ ಮುಗಿಯಬೇಕು, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಅಲ್ಲಿಂದ ಅರಿಶಿನದವರೆಗೆ ಉಳಿದಿದ್ದು ಹತ್ತು ಹನ್ನೆರಡು ದಿನ. ಆಗ ಡೋಣಿ ಬಾಯಿ ಬಿಟ್ಟ. ಗ್ರೂಪಿನಲ್ಲಿ ಅಲ್ಲ, ನನಗೊಬ್ಬನಿಗೇ. “ಸೀತನಿ ಬರ್ತಾವ ಅಷ್ಟೊತ್ತಿಗೆ. ಹೊಲಕ್ಕ ಬರ್ರಿ ಎಲ್ಲಾರೂ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂಗಾರಿ ಬಿಳಿಜೋಳದ ತೆನೆ ಹಾಲು ತುಂಬಿ ಇನ್ನೂ ಗಟ್ಟಿಯಾಗದೆ ಮೆತ್ತಗಿರುವಾಗ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಹೊಟ್ಟು ಊದಿ ತಿನ್ನುವುದು ಸೀತನಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಬೆಲ್ಲ. ಇದಕ್ಕೆಂದೇ ಸಕ್ಕರಿ ಮುಕ್ಕರಿ ಅನ್ನುವ ಜೋಳ ನಾಲ್ಕು ಸಾಲು ಹಾಕಿಡುವವರಿದ್ದಾರೆ. ಡೋಣಿಯೂ ಹಾಕಿದ್ದ. ಮಹಾರಾಷ್ಟ್ರದಲ್ಲಿ ಇದೇ ಹುರಡಾ, ಪುಣೆಯವ ಹೇಳುವ ಪ್ರಕಾರ ಅಲ್ಲಿ ಪೇಟೆಯವರು ದುಡ್ಡು ಕೊಟ್ಟು, ಮೊದಲೇ ಬುಕ್ ಮಾಡಿ ಹೊಲಕ್ಕೆ ಹೋಗುತ್ತಾರೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಗಾದೆಯೇ ಇದೆ. ಆ ಎರೆಮಣ್ಣಿನ ಹೊಲದಲ್ಲಿ ಪುಕ್ಕಟೆ ಕರೆಯುತ್ತಿದ್ದಾನೆ ಇವನು.

ನಾನು ಶನಿವಾರ ಅಂದೆ. ಅವನು ಆಗಲ್ಲ ಅಂದ. “ತೆನಿ ಶನಿವಾರ ಐತವಾರ ನೋಡಂಗಿಲ್ಲಲೇ. ನಾಕ್ ದಿನ ಹೆಚ್ಚ ಬಿಟ್ರ ಕಾಳ ಬಲೀತಾವ. ನಾ ಹೇಳಿದ ದಿನಾ ಬರ್ರಿ.” ಅವನು ದಿನಾ ಸಂಜೆ ತೆನೆ ಹಿಚುಕಿ ನೋಡಿ ನನಗೊಂದು ಫೋಟೋ ಕಳಿಸುತ್ತಿದ್ದ. ನಾನು ಮ್ಯಾಂಚೆಸ್ಟರ್ ಮಳೆಯಲ್ಲಿ ಬಸ್ಸಿಗೆ ನಿಂತು ಆ ಕಾಳು ದೊಡ್ಡದು ಮಾಡಿ ನೋಡುವುದು. ಏನು ತಿಳಿಯುತ್ತೆ ಅಂತ ನೋಡುತ್ತಿದ್ದೆನೋ. ಕೊನೆಗೆ ಒಂದು ಬುಧವಾರ ಅಂತ ಹೇಳಿದ, ಬ್ಯಾಂಕಿನವ ಅರ್ಧ ದಿನ ರಜೆ ಹಾಕಿದ, ಪುಣೆಯವ ಗೊಣಗುತ್ತಲೇ ರಾತ್ರಿ ಬಸ್ ಹತ್ತಿದ. ನಾನು ಊರು ಮುಟ್ಟುವುದು ಅದಾಗಿ ನಾಲ್ಕು ದಿನಕ್ಕೆ.

ದೂರದಿಂದ ಮಾಡುವ ಕೆಲಸವೂ ಕಡಿಮೆ ಇರಲಿಲ್ಲ ಅನ್ನಿ. ದುಡ್ಡಿನ ಮಾತು ಮೊದಲು ಮುಗಿಸಿದೆ, ಒಬ್ಬೊಬ್ಬರಿಗೇ ಬೇರೆ ಬೇರೆ ಕೇಳಿ. ರೊಟ್ಟಿ, ಎಣ್ಣೆಗಾಯಿ ಮಾಡಿಕೊಡೋಕೆ ಊರಿನ ಒಬ್ಬ ಅಕ್ಕನಿಗೆ ಡೋಣಿ ಹೇಳಿದ. ಸೋಡಾ, ಇಂಡಿ ಲಿಂಬೆ, ನೀರಿನ ಕ್ಯಾನು, ತಾಡಪತ್ರಿ, ಕತ್ತಲಾದ ಮೇಲೆ ಒಂದು ಚಾರ್ಜಿಂಗ್ ಲೈಟು. ಇಬ್ಬರು ಬಿಯರ್ ಕುಡಿಯುವವರು. ಗಾಡಿ ಓಡಿಸುವವನು ಮುಟ್ಟಬಾರದು ಅನ್ನುವ ಒಂದು ಮಾತಿಗೆ ಮಾತ್ರ ನಾನು ಜಗಳಾಡಿದೆ. ನಮ್ಮ ಕಾನೂನಿನಲ್ಲಿ ಮಿತಿ ಇರುವುದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಒಂದೇ ಬಾಟಲಿ ಅನ್ನೋದೆಲ್ಲ ಅಲ್ಲಿ ನಡೆಯಲ್ಲ. ಮಾಸ್ತರ ಕುಡಿಯುವವನಲ್ಲ, ಅವನೇ ಸ್ಟೇರಿಂಗ್ ಹಿಡಿದ. ‘ಎಲ್’ ಬೋರ್ಡು ಮಾಡ್ರಿ ಅಂತಲೂ ಅವನಿಗೇ ಹೇಳಿದ್ದೆ. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಕ’ ಅಂತ ಬರೆದು ತಂದ. ಕಲಿಯುವವನು.

ಬುಧವಾರ ನನಗೆ ಮುಂಜಾನೆ ಹನ್ನೊಂದೂವರೆ, ಅಲ್ಲಿ ಸಂಜೆ ಐದು. ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ವಿಡಿಯೋ ಹಚ್ಚಿದೆ. ಮೊದಲು ಬರೀ ಹೊಗೆ ಕಂಡಿತು. ಆಮೇಲೆ ಕೊರಳಲ್ಲಿ ‘ಕ’ ತೂಗುಬಿಟ್ಟುಕೊಂಡು ಬಿಸಿ ತೆನೆ ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತಿದ್ದ ಮದುಮಗ. ಅವನ ಹಿಂದೆ ಯಾರೋ ಕಂಬಳಿ ಮೇಲೆ ಉಜ್ಜುವ ಸಪ್ಪಳ. “ಲಂಡನ್, ತಗೋಲೇ” ಅಂತ ಒಂದು ಮುಷ್ಟಿ ಕಾಳು ಕ್ಯಾಮರಾದ ಬಾಯಿಗೇ ಹಿಡಿದ. ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು. ಹೊಳೆ ದಂಡೆಯಲ್ಲಿ ಯಾವತ್ತೂ ಅದೇ ಕಥೆ. ಆ ಮುಷ್ಟಿ ಹಾಗೇ ನಿಂತುಬಿಟ್ಟಿತು ಸ್ಕ್ರೀನಿನ ಮೇಲೆ, ಬೆರಳಿಗೆಲ್ಲ ಮಸಿ. ಪಕ್ಕದಲ್ಲಿ ಯಾರೋ ಮೈಕ್ರೋವೇವಿನಲ್ಲಿ ಸೂಪು ಬಿಸಿ ಮಾಡುತ್ತಿದ್ದರು. ನಾನು ಮೀಟಿಂಗಿಗೆ ಹೋದೆ.

ರಾತ್ರಿ ನಲವತ್ತು ಫೋಟೋ ಬಂದವು. ಎಲ್ಲರಿಗೂ ಖುಷಿಯಾಯಿತು ಅಂತ ಬರೆದರೆ ಸುಳ್ಳಾಗುತ್ತೆ. ಪುಣೆಯವ ಗೋವಾ ತಪ್ಪಿತು ಅಂತ ಇವತ್ತಿಗೂ ಅನ್ನುತ್ತಾನೆ, ಅವನದ್ದೂ ತಪ್ಪಿಲ್ಲ. ಮೂರು ದಿನ ಎಲ್ಲ ಬಿಟ್ಟು ಸಮುದ್ರ ನೋಡಬೇಕು ಅಂತ ಅವನಿಗಿತ್ತು, ಸಿಕ್ಕಿದ್ದು ಆರು ತಾಸು ಮತ್ತು ಸಂಜೆಯ ಸೊಳ್ಳೆ. ಮೊಬೈಲ್ ಅಂಗಡಿಯವನಿಗೆ ಹಸಿ ಸೀತನಿ ಜಾಸ್ತಿಯಾಗಿ ಹೊಟ್ಟೆ ನೋವು. ಮಾಸ್ತರ ಮಾತ್ರ ಒಂದು ಗಂಟೆ ಹಾಡಿದನಂತೆ. ಅವನಿಗೆ ಹಾಡು ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ.

ನಾನು ಬೆಂಗಳೂರಲ್ಲಿ ಇಳಿದು, ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರು ಮುಟ್ಟಿದಾಗ ಹಂದರ ಹಾಕಿ ಆಗಿತ್ತು. ಮದುಮಗನನ್ನು ಸುರಗಿಗೆ, ಅಂದರೆ ಅರಿಶಿನದ ಸ್ನಾನಕ್ಕೆ ಕೂರಿಸಿದ್ದರು, ನಾಲ್ಕು ಮೂಲೆಗೆ ತಂಬಿಗೆ, ಸುತ್ತ ನೂಲು, ಮುಖದ ತುಂಬ ಅರಿಶಿನ. ಡೋಣಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಅಂಗಿ ಕಿಸೆಯಿಂದ ಮದುವೆ ಕಾರ್ಡಿನ ಕವರ್ ತೆಗೆದ. ಅದರ ಹಿಂದೆ ಲೆಕ್ಕ. ಗಾಡಿ ಎಣ್ಣೆ, ರೊಟ್ಟಿ, ಮೊಸರು, ಸೋಡಾ, ಬಿಯರು, ಎಲ್ಲ ಸೇರಿ ₹6,840. ಭಾಗಿಸು ಆರು, ₹1,140. ಸೀತನಿಯ ಲೆಕ್ಕ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನ ಹೆಸರಿನ ಮೇಲೆ ಗೆರೆ. ತಮ್ಮನ ಕೈಲಿ ನಾನು ಮುಂಚೆಯೇ ಕೊಟ್ಟು ಕಳಿಸಿದ್ದ ಐದು ನೂರರ ಮೂರು ನೋಟು ಕವರಿನೊಳಗೆ ಹಾಗೇ ಇದ್ದವು.

“ಇದ್ಯಾಕಲೇ?” ಅಂದೆ.

“ನೀ ತಿಂದಿಲ್ಲಲ್ಲ.”

ಯಾರ್ಕಿನ ಜ್ವರದವನ ಕಥೆ ಹೇಳಿದೆ. ಉಣ್ಣದವನ ಹತ್ತಿರ ರೊಕ್ಕ ಇಸಗೊಂಡರಾ ಅಂತ ಎರಡು ಸಲ ಕೇಳಿದ. ಆಮೇಲೆ ನಾನು ಕವರ್ ಮತ್ತೆ ನೋಡಿದೆ. ಏಳರಲ್ಲಿ ನಾನಿಲ್ಲ ಅಂದರೆ ಆರು, ಅದರಲ್ಲಿ ಮದುಮಗ ಕೊಡಬಾರದಲ್ಲ, ಐದಕ್ಕೆ ಭಾಗಿಸಬೇಕಿತ್ತು ಅಂದೆ. ಪಾರ್ಟಿಯಲ್ಲಿ ಮದುಮಗನ ಪಾಲು ಉಳಿದವರು ಹಾಕಬೇಕು, ಅದು ರೂಲು.

“ಯಾರ ರೂಲಲೇ ಅದು?” ಅಂದ ಡೋಣಿ. “ಎಲ್ಲಾರಕಿಂತ ಹೆಚ್ಚ ತಿಂದಾಂವ ಅವನ.”

ನೀರು ಸುರಿಯುವ ಹೆಂಗಸರ ನಡುವಿನಿಂದ ಮದುಮಗ ನಮ್ಮನ್ನೇ ನೋಡುತ್ತಿದ್ದ. ಅರಿಶಿನದ ಕೈ ಎತ್ತಿ ಕೂಗಿದ: “ಲಂಡನ್, ನನ್ನ ಕಡೆನೂ ಸಾವಿರದಾ ನೂರಾ ನಲವತ್ತ ಇಸಗೊಂಡಾನಲೇ ಇಂವ!”