ರೊಕ್ಕ ಕೊಟ್ಟು ಬಿಸಿಲು

ಲಂಡನ್ನಿನಲ್ಲಿ ಓದುವ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾಮಾ, ನನ್ನ ರೂಮ್‌ಮೇಟ್ ಮೈ ಕಂದು ಮಾಡ್ಕೊಳ್ಳಾಕ ರೊಕ್ಕ ಕೊಟ್ಟು ಮಷಿನ್ಯಾಗ ಮಲಗತಾಳ!"

ವಿಜಯಪುರದ ಏಪ್ರಿಲ್ ಬಿಸಿಲಿಗೆ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ ಸ್ಕೂಟಿ ಓಡಿಸುವ ನಮ್ಮ ಹುಡುಗಿಯರು ಕೇಳಿದರೆ ನಗುತ್ತಾರೆ. (ಬೆಳ್ಳಗಾಗಲು ಸ್ಟೀರಾಯ್ಡ್ ಕ್ರೀಮ್ ಹಚ್ಚುವ ನಾವೂ ಕಡಿಮೆಯೇನಲ್ಲ, ಅಲ್ವಾ?)

ಆ ಮಷಿನ್ನಿಗೆ ಟ್ಯಾನಿಂಗ್ ಬೆಡ್ ಅಂತಾರೆ. ಅದರ ದೀಪಗಳಿಂದ ಬರುವುದು ಅತಿನೇರಳೆ ಕಿರಣ, ಹೆಚ್ಚಾಗಿ ಯುವಿ-ಎ ಅನ್ನುವ ಬಗೆ. ಅದು ಚರ್ಮದ ಆಳಕ್ಕೆ ಇಳಿದು ಜೀವಕೋಶಗಳ ಡಿಎನ್‌ಎ ಕೆಡಿಸುತ್ತದೆ. ಅವರು ಚೆಂದ ಅನ್ನುವ ಕಂದು ಬಣ್ಣವೇ ಪೆಟ್ಟು ಬಿದ್ದ ಗುರುತು. ಸುಕ್ಕು ಬೇಗ ಬರುತ್ತದೆ, ಕಣ್ಣಿಗೂ ಹಾನಿ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಯಂತ್ರಗಳನ್ನು ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಅಂದರೆ ತಂಬಾಕು ಇರುವ ಗುಂಪಿಗೇ ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ ಮೆಲನೋಮಾ ಅನ್ನುವ ಅಪಾಯಕಾರಿ ಚರ್ಮದ ಕ್ಯಾನ್ಸರಿನ ಭಯ ಇನ್ನೂ ಜಾಸ್ತಿ. ರೂಮ್‌ಮೇಟ್‌ಗೆ ಹತ್ತೊಂಬತ್ತಂತೆ.