ಚಾರ್ಟಲ್ಲಿ ಇಲ್ಲದ್ದು ಬರೆಯಬಾರದು

ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಒಂಬತ್ತೂವರೆಗೆ ಮಂಗಳೂರಿನ ಬಲ್ಮಠದ ಐಇಎಲ್‌ಟಿಎಸ್ ಕ್ಲಾಸಲ್ಲಿ ಕೂರುವ ಕಷ್ಟ ನರ್ಸ್‌ಗಳಿಗೇ ಗೊತ್ತು. ಐಇಎಲ್‌ಟಿಎಸ್ ಅಂದರೆ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಕಣ್ಣು ತೆರೆದಿರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಆ ಶನಿವಾರ ಜುಲೈ ಮಳೆ ಬೇರೆ. ಬಾಗಿಲ ಹತ್ತಿರದ ಬಕೆಟಿನಲ್ಲಿ ಕೊಡೆಗಳೆಲ್ಲ ನೀರಿಳಿಸುತ್ತಾ ನಿಂತಿದ್ದವು. ನಾವು ಹದಿನಾಲ್ಕು ಜನ, ಅದರಲ್ಲಿ ಹನ್ನೊಂದು ನರ್ಸ್‌ಗಳು. ಒಇಟಿ ಬರೆಯಬಹುದಿತ್ತು, ಅದು ಆಸ್ಪತ್ರೆಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಆದರೆ ಫೀಸು ಜಾಸ್ತಿ. ಹಾಗಾಗಿ ಇಲ್ಲಿ.

ಸರ್ ಹಾಳೆ ಹಂಚಿದರು. ಲೈನ್ ಗ್ರಾಫ್. ಐರ್ಲೆಂಡಿನ ನಿರುದ್ಯೋಗ ಮತ್ತು ದೇಶ ಬಿಟ್ಟು ಹೋದವರ ಸಂಖ್ಯೆ, 1988ರಿಂದ 2008ರವರೆಗೆ. ಇಪ್ಪತ್ತು ನಿಮಿಷ, ಕನಿಷ್ಠ 150 ಪದ. ನನಗೆ ನಗು ಬಂತು. ಪಕ್ಕದಲ್ಲಿದ್ದ ಕಾರ್ಕಳದ ಹುಡುಗಿಯನ್ನು ಮೊಣಕೈಯಲ್ಲಿ ತಿವಿದೆ.

"ನಾವು ಐರ್ಲೆಂಡಿಗೆ ಹೋಗ್ಲಿಕ್ಕೆ ಸಾಯ್ತಾ ಇದ್ದೇವೆ. ಅವರು ನೋಡಿದ್ರೆ ಅಲ್ಲಿಂದ ಓಡ್ತಾ ಇದ್ದಾರೆ ಮಾರಾಯ್ತಿ."

"ಅದು ಹಳೇ ಕತೆ. ನೀನು ಬರಿ ಸುಮ್ನೆ," ಅಂದಳು.

ಎರಡು ಗೆರೆ. ಎಡಗಡೆ ಶೇಕಡಾ, ಬಲಗಡೆ ಸಾವಿರದ ಲೆಕ್ಕ. ನಿರುದ್ಯೋಗದ ಗೆರೆ ಶುರುವಿನಲ್ಲಿ ಶೇ. 16ರ ಹತ್ತಿರ ಇತ್ತು. ಸ್ವಲ್ಪ ಇಳಿದು, ಮತ್ತೆ ಹತ್ತಿ, 1993ರ ನಂತರ ಇಳಿಯುತ್ತಲೇ ಹೋಗಿ 2001ಕ್ಕೆ ಶೇ. 4ಕ್ಕೆ ಬಂದು ಮುಟ್ಟಿತ್ತು. ಕೊನೆಯಲ್ಲಿ ಪುನಃ ತಲೆ ಎತ್ತಿತ್ತು. ಊರು ಬಿಟ್ಟವರ ಗೆರೆ 1988ರಲ್ಲಿ 60 ಸಾವಿರ, ಮರುವರ್ಷ 70 ಸಾವಿರ, ಅಲ್ಲಿಂದ ದಡಕ್ಕನೆ ಕೆಳಗೆ. 1991ಕ್ಕೆ ಅರ್ಧ. 35 ಸಾವಿರ.

ಬರೆದೆ. 171 ಪದ. ಇಪ್ಪತ್ತು ನಿಮಿಷದಲ್ಲಿ ಅಷ್ಟು ಬರೆದದ್ದು ನನಗೇ ಹೆಮ್ಮೆ. ವಾಪಸ್ ಬಂದ ಹಾಳೆ ನೋಡಿದರೆ ಡ್ರೆಸ್ಸಿಂಗ್ ಬಿಚ್ಚಿದ ಗಾಯದ ಹಾಗಿತ್ತು, ಅಷ್ಟು ಕೆಂಪು.

ಮೊದಲ ತಪ್ಪು, ಎರಡು ಗೆರೆ ಒಂದನ್ನೊಂದು ದಾಟಿದ ಕಡೆ. 'ಇಲ್ಲಿಂದ ಮುಂದೆ ಕೆಲಸ ಇಲ್ಲದವರಿಗಿಂತ ದೇಶ ಬಿಟ್ಟವರು ಕಡಿಮೆ' ಅಂತ ಬರೆದಿದ್ದೆ. ಸರ್ ಅದನ್ನು ಎಲ್ಲರೆದುರು ಓದಿದರು.

"ಸಿಸ್ಟರ್, ನಿಮ್ಮ ವಾರ್ಡಿನ ಟಿಪಿಆರ್ ಚಾರ್ಟಲ್ಲಿ ಪಲ್ಸಿನ ಗೆರೆ ಟೆಂಪರೇಚರಿನ ಗೆರೆಯನ್ನು ದಾಟಿದ್ರೆ ಎಂತ ಬರೀತೀರಿ? ಜ್ವರಕ್ಕಿಂತ ಪಲ್ಸ್ ಜಾಸ್ತಿ ಆಯ್ತು ಅಂತವಾ?"

ಹನ್ನೊಂದು ನರ್ಸ್‌ಗಳೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಏನಿದೆ. ಒಂದರದ್ದು ಶೇಕಡಾ, ಇನ್ನೊಂದರದ್ದು ತಲೆಲೆಕ್ಕ. ಅಳತೆ ಬದಲಿಸಿದರೆ ಆ ದಾಟುವ ಜಾಗವೂ ಬೇರೆ ಕಡೆ ಹೋಗುತ್ತದೆ. ಜ್ವರ, ಪಲ್ಸ್, ಉಸಿರಾಟ ಗುರುತು ಹಾಕುವ ಅಂಥ ಹಾಳೆ ದಿನಾ ತುಂಬುವವಳಿಗೆ ಇದು ಹೊಳೆಯದೆ ಹೋಯಿತಲ್ಲ!

ಎರಡನೆಯದು ಟು ಮತ್ತು ಬೈ. 'ಫೆಲ್ ಬೈ ಫೋರ್' ಅಂದಿದ್ದೆ, ಆಗಬೇಕಿದ್ದದ್ದು 'ಫೆಲ್ ಟು ಫೋರ್'. ಇದು ನನಗೆ ಮೂರು ವಾರದಿಂದ ತಲೆಗೆ ಹೋಗದೆ ಉಳಿದ ವಿಷಯ. ಸರ್ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದರು: ಹದಿನಾರರಿಂದ, ನಾಲ್ಕಕ್ಕೆ, ಹನ್ನೆರಡರಷ್ಟು. 'ಇಂದ' ಅಂದ್ರೆ ಫ್ರಮ್, 'ಕ್ಕೆ' ಅಂದ್ರೆ ಟು, 'ಅಷ್ಟು' ಅಂದ್ರೆ ಬೈ. ಅಷ್ಟೇ. ಕನ್ನಡದಲ್ಲಿ ಯಾವತ್ತಾದರೂ 'ನಾಲ್ಕರಷ್ಟು ಇಳಿಯಿತು' ಅನ್ನಲು ಹೋಗಿ 'ನಾಲ್ಕಕ್ಕೆ' ಅಂದಿದ್ದೇನಾ? ಇಲ್ಲ. ಜೊತೆಗೆ ಇನ್ನೊಂದು ಕೊಕ್ಕೆ. ಹದಿನಾರರಿಂದ ನಾಲ್ಕಕ್ಕೆ ಬಂದರೆ ಅದು 12 ಪರ್ಸೆಂಟ್ ಇಳಿದದ್ದಲ್ಲ, 12 ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟಲ್ಲಿ ಹೇಳುವುದಾದರೆ 75, ಯಾಕೆಂದರೆ ಹದಿನಾರರ ಮುಕ್ಕಾಲು ಹೋಯಿತು. ಪೇಪರಿನವರೂ ಇದನ್ನು ತಪ್ಪು ಬರೆಯುತ್ತಾರೆ ಅಂತ ಸರ್ ಅಂದಾಗ ಸ್ವಲ್ಪ ಸಮಾಧಾನ ಆಯಿತು.

ಮೂರನೆಯದರ ಮೇಲೆ ಮಾತ್ರ ನನಗೆ ಸಿಟ್ಟು. ಮೂರು ವಾಕ್ಯಕ್ಕೆ ಉದ್ದಕ್ಕೆ ಗೀಟು. ಪಕ್ಕದಲ್ಲಿ, 'ಕಾರಣ ಯಾರು ಕೇಳಿದ್ರು?'

ಆಗಿದ್ದಿಷ್ಟು. 1990ರ ನಂತರ ನಿರುದ್ಯೋಗ ಪುನಃ ಏರುತ್ತಿದೆ, ಆದರೆ ದೇಶ ಬಿಡುವವರು ಕಡಿಮೆ ಆಗುತ್ತಿದ್ದಾರೆ. ಕೆಲಸ ಇಲ್ಲದಿದ್ದರೆ ಜಾಸ್ತಿ ಜನ ಹೊರಡಬೇಕಲ್ವಾ? ಪೆನ್ನು ಅಲ್ಲಿಗೆ ಬಂದು ನಿಂತಿತು. ಆಮೇಲೆ ಇಸವಿ ನೋಡಿದೆ. 1990. ನಮ್ಮ ಮನೆಯಲ್ಲಿ ಆ ಇಸವಿಗೆ ಬೇರೆ ಹೆಸರೇ ಇದೆ, 'ಚಿಕ್ಕಪ್ಪ ಬಂದ ವರ್ಷ'. ಹಾಗಾಗಿ ಬರೆದೆ: ಜನ ಹೊರಡದೆ ಇರಲು ಊರಲ್ಲಿ ಕೆಲಸ ಸಿಕ್ಕಿದ್ದೇ ಕಾರಣ ಆಗಬೇಕಿಲ್ಲ, ಹೋಗುವ ಊರಲ್ಲೂ ಕೆಲಸ ಇಲ್ಲದೆ ಇರಬಹುದು.

"ಇದು ಚಾರ್ಟಲ್ಲಿ ಉಂಟಾ?" ಅಂತ ಸರ್.

"ಇಲ್ಲ ಸರ್."

"ಮತ್ತೆ? ಪೇಷಂಟಿಗೆ 102 ಜ್ವರ ಇದ್ರೆ 102 ಅಂತ ಬರೀತೀರಿ. ಮಳೆಯಲ್ಲಿ ನೆಂದದ್ದಕ್ಕೆ ಬಂತು ಅಂತ ಬರೀತೀರಾ?"

ಬರೆಯುವುದಿಲ್ಲ. ನೋಡಿದ್ದು ಬರೆ, ಅಂದಾಜು ಬರೆಯಬೇಡ ಅಂತ ನರ್ಸಿಂಗ್ ಮೊದಲ ವರ್ಷದಲ್ಲೇ ತಲೆಗೆ ತುಂಬಿರುತ್ತಾರೆ. ಬಾಯಿ ಮುಚ್ಚಿ ಕೂತೆ. ಆದರೆ ಕ್ಲಾಸ್ ಬಿಟ್ಟ ಮೇಲೆ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ ಸರ್ ಅವರಾಗಿಯೇ ಹತ್ತಿರ ಬಂದರು. "ನೀವು ಬರೆದದ್ದು ಸರಿ ಉಂಟು. ಆಗ ಅವರಲ್ಲಿ ಹೆಚ್ಚಿನವರು ಹೋಗ್ತಾ ಇದ್ದದ್ದು ಬ್ರಿಟನ್ನಿಗೆ. 90, 91ರಲ್ಲಿ ಬ್ರಿಟನ್ನಿನಲ್ಲೇ ಕೆಲಸ ಹೋಗ್ತಾ ಇತ್ತು. ಆದ್ರೆ ಪರೀಕ್ಷೆಯಲ್ಲಿ ಬರೀಬೇಡಿ."

ಪಿವಿಎಸ್ ಸರ್ಕಲ್ ಹತ್ತಿರ ಕುಂದಾಪುರದ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಸುರತ್ಕಲ್ಲಿಗೆ ಬರುವ ಮೊದಲೇ ನಿದ್ದೆ. ಎಚ್ಚರ ಆದಾಗ ಉಡುಪಿ ದಾಟಿತ್ತು. ಕಿಟಕಿಗೆ ಟಾರ್ಪಾಲು ಇಳಿಸಿದ್ದರು, ನೋಡಲು ಏನೂ ಇಲ್ಲ. ಫೋನ್ ತೆಗೆದು, ಗ್ರಾಫ್ 2008ಕ್ಕೆ ನಿಂತಿತಲ್ಲ, ಮುಂದೆ ಏನಾಯಿತು ಅಂತ ಹುಡುಕಿದೆ. ಬ್ಯಾಂಕುಗಳು ಕುಸಿದವು. ಕಟ್ಟಡದ ಕೆಲಸ ನಿಂತಿತು. 2012ರ ಹೊತ್ತಿಗೆ ನಿರುದ್ಯೋಗ ಶೇ. 15ರ ಹತ್ತಿರ ಹೋಗಿತ್ತು. ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಜನ ಹೊರಟಿದ್ದರು. ಅವರೆಲ್ಲ ಐರಿಷರೇನೂ ಅಲ್ಲ. ಬೇರೆ ದೇಶಗಳಿಂದ ಕೆಲಸಕ್ಕೆ ಬಂದಿದ್ದವರೂ ಆ ಲೆಕ್ಕದಲ್ಲಿದ್ದರು. ಅಂದರೆ ನಾಳೆ ನಾನು ಅಲ್ಲಿಗೆ ಹೋಗಿ, ನಾಡಿದ್ದು ಹೊರಟು ಬಂದರೆ, ಅದೇ ಗೆರೆಯಲ್ಲಿ ನಾನೂ ಒಂದು ತಲೆ.

ಕೋಟದಲ್ಲಿ ಇಳಿದೆ. ನಮ್ಮ ಓಣಿಯಲ್ಲಿ ಒಂಬತ್ತು ಮನೆ. ನಾಲ್ಕಕ್ಕೆ ಬೀಗ. ಒಂದು ಬೊಂಬಾಯಿಯದ್ದು, ಎರಡು ಬೆಂಗಳೂರಿನದ್ದು, ಎಲ್ಲವೂ ಹೋಟೆಲಿನವರದ್ದು. ನಾಲ್ಕನೆಯದು ದುಬೈಯದ್ದು, ಮಳೆಗಾಲದಲ್ಲಿ ಅದರ ಗೇಟಿನ ಮೇಲೆ ಬಳ್ಳಿ ಹಬ್ಬುತ್ತದೆ. ಅಪ್ಪನೂ ಹದಿನಾರು ವರ್ಷ ಬೊಂಬಾಯಿಯ ಹೋಟೆಲಲ್ಲಿ ಗಲ್ಲೆಯಲ್ಲಿ ಕೂತವರೇ.

ಚಿಕ್ಕಪ್ಪ ಜಗಲಿಯಲ್ಲಿದ್ದರು. ಅವರು ಕುವೈತಿನಲ್ಲಿ ಒಂದು ಬಕಾಲದಲ್ಲಿದ್ದರು. ಬಕಾಲ ಅಂದರೆ ಅಲ್ಲಿಯ ದಿನಸಿ ಅಂಗಡಿ. 1990ರ ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೈನ್ಯ ಒಳಗೆ ಬಂತು. ಅಂಗಡಿಯ ಅರಬಿ ಎಲ್ಲಿ ಹೋದನೋ ಇವತ್ತಿಗೂ ಗೊತ್ತಿಲ್ಲ, ನಾಲ್ಕು ತಿಂಗಳ ಸಂಬಳ ಅವನ ಹತ್ತಿರವೇ ಉಳಿಯಿತು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್. ಡೇರೆಯಲ್ಲಿ ದಿನಗಟ್ಟಲೆ ಕಾದು ಕೊನೆಗೆ ಏರ್ ಇಂಡಿಯಾದ ವಿಮಾನದಲ್ಲಿ ಬೊಂಬಾಯಿ. ಆ ಎರಡು ತಿಂಗಳಲ್ಲಿ ಹಾಗೆ ಬಂದ ಭಾರತದವರು ಲಕ್ಷಕ್ಕೂ ಮೇಲೆ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಹಾಗಾಗಿ ಬೊಂಬಾಯಿಂದ ಊರಿಗೂ ಬಸ್ಸೇ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ಅಂಗಿ, ಒಂದು ಟ್ಯಾಂಗ್ ಡಬ್ಬ. ಆ ಖಾಲಿ ಡಬ್ಬದಲ್ಲಿ ಅಮ್ಮ ಇವತ್ತಿಗೂ ಮೆಂತೆ ಹಾಕಿಡುತ್ತಾರೆ.

ಕೆಂಪು ಹಾಳೆಯನ್ನು ಚಿಕ್ಕಪ್ಪನೇ ಚೀಲದಿಂದ ಎಳೆದರು. ಇಂಗ್ಲಿಷ್ ಓದಲಿಲ್ಲ, ಗ್ರಾಫ್ ನೋಡಿದರು. ಯಾವ ಗೆರೆ ಯಾವುದು ಅಂತ ಹೇಳಿದೆ. ಕನ್ನಡಕ ಮೇಲೆ ಮಾಡಿ, 1990ರ ಮೇಲೆ ಬೆರಳಿಟ್ಟು, ಅಲ್ಲಿಂದ ಕೆಳಗೆ ಜಾರಿಸಿಕೊಂಡು ಹೋದರು.

"ಇದ್ರಗೆ ವಾಪಾಸ್ ಬಂದವ್ರ್ ಗೆರಿ ಎಲ್ಲಿತ್ ಮಗಾ?"

"ಇದರಲ್ಲಿ ಇಲ್ಲ ಚಿಕ್ಕಪ್ಪ. ಹೋದವರದ್ದು ಮಾತ್ರ."

"ಹ್ಞೂಂ," ಅಂದರು. ಹಾಳೆಯನ್ನು ಮಡಚಿ ಕೊಟ್ಟು, ಮಳೆ ಬಿಟ್ಟಿದೆಯಾ ಅಂತ ಅಂಗಳಕ್ಕೆ ಇಣುಕಿದರು.

ಮುಂದಿನ ವಾರ ಹೊಸದಾಗಿ ಬರೆದು ಕೊಟ್ಟೆ. 158 ಪದ. ಗೆರೆ ಎಲ್ಲಿ ದಾಟಿತು ಅನ್ನುವ ಮಾತಿಲ್ಲ. ಟು ಇರಬೇಕಾದಲ್ಲಿ ಟು, ಬೈ ಇರಬೇಕಾದಲ್ಲಿ ಬೈ. 1990ರ ನಂತರ ಒಂದು ಏರಿತು, ಇನ್ನೊಂದು ಇಳಿಯಿತು, ಅಷ್ಟೇ. ಗ್ರಾಫಿನ ಒಟ್ಟು ಸಾರ ಹೇಳುವ ಓವರ್‌ವ್ಯೂ ಪಕ್ಕ ಸರ್ ಟಿಕ್ ಹಾಕಿದರು. ಎರಡು ಕಡೆ ಇಂಗ್ಲಿಷಿನ 'ದ' (the) ಬಿಟ್ಟಿದ್ದೆ, ಅದನ್ನು ಸೇರಿಸಿದರು.