ಮನೆ ವೈರಿಂಗ್ ದಿನಚರಿ: ಅವ್ವನ ಗಿರಣಿಗೆ ಸ್ವಂತ ಲೈನ್

ಮಾರ್ಚ್ ಕೊನೆಯ ವಾರ

ಶರಣಬಸವೇಶ್ವರ ಜಾತ್ರೆ ಮುಗೀತು ಅಂದರೆ ಕಲಬುರಗಿಯ ಬಿಸಿಲಿಗೆ ತಡೆಯೇ ಇಲ್ಲ. ಈ ಸಲ ಅಜ್ಜನ ಕೋಣೆಗೆ ಎಸಿ ಹಾಕಿಸಲೇಬೇಕು ಅಂತ ಮನೆಯಲ್ಲಿ ಮಾತಾಯಿತು. ಎಸಿ ತರುವ ಮೊದಲು ವೈರಿಂಗ್ ಪೂರ್ತಿ ನೋಡಿಬಿಡೋಣ ಅಂತ ನಾನು ಹಟ ಹಿಡಿದೆ. ಹಟಕ್ಕೆ ಕಾರಣ ಅಡುಗೆಮನೆಯ ಒಂದು ಪ್ಲಗ್ ಪಾಯಿಂಟು.

ನಮ್ಮ ಮನೆಯಲ್ಲಿ ಜೋಳ ಬೀಸುವುದಕ್ಕೆ 1 ಎಚ್‌ಪಿಯ ಸಣ್ಣ ಗಿರಣಿ ಇದೆ. ಅವ್ವ ಹಿಟ್ಟು ಬೀಸಿ ಪ್ಲಗ್ ಕಿತ್ತಾಗ ಪಿನ್ನು ಬೆರಳಿಗೆ ಚುರ್ ಅಂದಿತಂತೆ. ನಾನು ಟಾರ್ಚ್ ಹಿಡಿದು ಸಾಕೆಟ್ಟು ನೋಡಿದೆ. ಬಲಗಡೆ ತೂತಿನ ಸುತ್ತ ಚಹಾ ಕಲೆಯಂಥ ಕಂದು ಬಣ್ಣ. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೇನ್ ಬಂದ್ ಮಾಡಿ, ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡು ಬೋರ್ಡು ಬಿಚ್ಚಿದೆ. ಕರೆಂಟು ತರುವ ಫೇಸ್ ವೈರಿನ ಮೇಲಿನ ಪ್ಲಾಸ್ಟಿಕ್ಕು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಆಗಿತ್ತು. ಮುಟ್ಟಿದರೆ ಪುಡಿ. ಸ್ಕ್ರೂ ಅರ್ಧ ಸುತ್ತು ಸಡಿಲ.

ವೈರಿನ ದಪ್ಪ 1.5 ಸ್ಕ್ವೇರ್ ಎಂಎಂ. ಮನೆಯ ಎಲ್ಲ ಲೈನು ಹೊರಡುವ ಡಿಬಿ ಬಾಕ್ಸ್‌ಗೆ ಹೋಗಿ ನೋಡಿದರೆ, ಕರೆಂಟು ಮಿತಿ ಮೀರಿದಾಗ ಆ ಲೈನ್ ಕಡಿಯಬೇಕಾದ ಬ್ರೇಕರ್ 32 ಆಂಪ್ಸ್!

ಆಗ ನೆನಪಾಯಿತು. ಗಿರಣಿ ಹೊಸದಾಗಿ ತಂದಾಗ ಚಾಲೂ ಮಾಡಿದ ಕೂಡಲೇ ಎಂಸಿಬಿ, ಅಂದರೆ ಆ ಬ್ರೇಕರ್, ಬೀಳುತ್ತಿತ್ತು. ಯಾರೋ ಒಬ್ಬ ಹುಡುಗ ಬಂದು ದೊಡ್ಡ ಬ್ರೇಕರ್ ಹಾಕಿಹೋದ. ಆಮೇಲೆ ಎರಡು ವರ್ಷ ಒಮ್ಮೆಯೂ ಟ್ರಿಪ್ ಆಗಲಿಲ್ಲ. ರಿಪೇರಿ ಆಯ್ತು ಅಂತ ನಾವೂ ತಿಳಿದಿದ್ದೆವು. ಆ ಎರಡು ವರ್ಷವೂ ಗೋಡೆಯೊಳಗೆ ವೈರು ಬಿಸಿಯಾಗುತ್ತಲೇ ಇತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಏಪ್ರಿಲ್ ಮೊದಲ ವಾರ

ಅಪ್ಪನ ಪರಿಚಯದ ಹಳೇ ಎಲೆಕ್ಟ್ರಿಷಿಯನ್ ಚಾಚಾ ಬಂದರು. ಲೈಸೆನ್ಸ್ ಇರುವವರು, ಮೂವತ್ತು ವರ್ಷದ ಕೈ. 32ರ ಬ್ರೇಕರ್ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅಂದರು: "ಬೇಟಾ, ಬ್ರೇಕರ್ ಇರೋದು ವೈರು ಕಾಯ್ಲಿಕ್ಕ. ಮಷೀನ್ ಕಾಯ್ಲಿಕ್ಕ ಅಲ್ಲ."

ಈ ಇಡೀ ಕೆಲಸ ನಿಂತಿರುವುದು ಆ ಒಂದು ಮಾತಿನ ಮೇಲೆ. ಮೊದಲು ವೈರು ಎಷ್ಟು ತಡೆಯುತ್ತದೆ ನೋಡಬೇಕು. ಅದಕ್ಕೆ ತಕ್ಕ ಬ್ರೇಕರ್ ಹಾಕಬೇಕು. ಆ ಬ್ರೇಕರಿಗೆ ತಕ್ಕ ಸಾಮಾನು ಹಚ್ಚಬೇಕು. ನಾವು ಉಲ್ಟಾ ಮಾಡಿದ್ದೆವು. ಚಾಚಾ ಲೆಕ್ಕ ಹೀಗೆ: 1.5ರ ತಾಮ್ರದ ವೈರಿಗೆ 10 ಆಂಪ್ಸ್ ದಾಟಬಾರದು, 2.5ಕ್ಕೆ 16, 4ಕ್ಕೆ 20.

ಸಾಮಾನಿನ ಲೆಕ್ಕವೂ ಕಷ್ಟವಲ್ಲ. ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ಸ್ ಇರುತ್ತದೆ, ಅದನ್ನು 230ರಿಂದ ಭಾಗಿಸಿದರೆ ಆಂಪ್ಸ್. 2000 ವ್ಯಾಟ್ಸಿನ ಇಂಡಕ್ಷನ್ ಒಲೆ 8.7. 750ರ ಮಿಕ್ಸರ್ 3.3. 1500ರ ನೀರು ಕಾಯಿಸುವ ಕೆಟಲ್ 6.5. ನಮ್ಮ ದೊಡ್ಡ ಕೂಲರ್ 200 ವ್ಯಾಟ್ಸ್, ಒಂದು ಆಂಪ್ಸ್ ಕೂಡ ಇಲ್ಲ. ಅಷ್ಟು ಗದ್ದಲ ಮಾಡುವ ಕೂಲರ್ ಸಣ್ಣ ಲೋಡು, ಸದ್ದೇ ಮಾಡದ ಕೆಟಲ್ ಅದರ ಏಳೂವರೆ ಪಟ್ಟು! ಬಿಸಿ ಮಾಡುವ ಸಾಮಾನು ಯಾವುದೇ ಇರಲಿ, ಅದರ ಮೇಲೆ ಒಂದು ಕಣ್ಣು ಇರಬೇಕು.

ಮೋಟರ್ ಇರುವ ಸಾಮಾನಿಗೆ ಮಾತ್ರ ಚೀಟಿ ಸಾಲದು. ವೈರು ಕತ್ತರಿಸದೆ ಹೊರಗಿನಿಂದಲೇ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಚಾಚಾ ತಂದಿದ್ದರು. ನಾನು ಪೂರ್ತಿ ವೈರಿಗೆ ಕ್ಲ್ಯಾಂಪ್ ಹಾಕಿದೆ, ಸೊನ್ನೆ ತೋರಿಸಿತು. ಹೋಗುವ ಕರೆಂಟು, ಬರುವ ಕರೆಂಟು ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ, ಫೇಸ್ ಒಂದನ್ನೇ ಹಿಡಿಯಬೇಕು ಅಂತ ತೋರಿಸಿಕೊಟ್ಟರು. ಗಿರಣಿ ಓಡುವಾಗ 5.4. ಚಾಲೂ ಆಗುವ ಕ್ಷಣದಲ್ಲಿ ಮಾತ್ರ 33ಕ್ಕೆ ಹಾರಿ ಇಳಿಯಿತು.

ಮೊದಲಿದ್ದ ಬ್ರೇಕರ್ ಬಿ 10, ಅಂದರೆ ಬಿ ಮಾದರಿಯ 10 ಆಂಪ್ಸಿನದು. ಅದು ಹಳೇ ಡಬ್ಬಿಯಲ್ಲಿ ಇನ್ನೂ ಇತ್ತು. ಬಿ ಮಾದರಿ ತನ್ನ ಅಂಕಿಯ 3ರಿಂದ 5 ಪಟ್ಟು ಕರೆಂಟಿಗೇ ಥಟ್ಟನೆ ಬೀಳುತ್ತದೆ, ಅಂದರೆ 30ರಿಂದ 50. ಗಿರಣಿಯ 33 ಅದರೊಳಗೇ ಬಂತಲ್ವಾ? ಸಿ ಮಾದರಿ ಬೀಳುವುದು 5ರಿಂದ 10 ಪಟ್ಟಿಗೆ. ಸಿ 10 ಹಾಕಿದ್ದರೆ 50ರ ತನಕ ತಡೆಯುತ್ತಿತ್ತು, ವೈರೂ ಕ್ಷೇಮವಾಗಿರುತ್ತಿತ್ತು. ಅಕ್ಷರ ಬದಲಿಸುವ ಕಡೆ ಆ ಹುಡುಗ ಅಂಕಿ ಬದಲಿಸಿದ್ದ.

ಇನ್ನೊಂದು ಮಾತು ಇಲ್ಲೇ ಬರೆದಿಡುತ್ತೇನೆ. 32 ಆಂಪ್ಸ್ ಬ್ರೇಕರ್ 32 ದಾಟಿದ ಕೂಡಲೇ ಬೀಳುವುದಿಲ್ಲ. ಒಂದೂಕಾಲು ಪಟ್ಟು, ಒಂದೂವರೆ ಪಟ್ಟು ಲೋಡಿಗೆ ಒಳಗಿನ ಲೋಹದ ಪಟ್ಟಿ ನಿಧಾನಕ್ಕೆ ಬಿಸಿಯಾಗಿ ಬಾಗಬೇಕು. ನಿಯಮದ ಪ್ರಕಾರ 1.45 ಪಟ್ಟು ಕರೆಂಟಿಗೂ ಒಂದು ತಾಸಿನೊಳಗೆ ಬಿದ್ದರೆ ಸಾಕು. ಅಂದರೆ 46 ಆಂಪ್ಸ್! ನಮ್ಮ ಗಿರಣಿ, ಇಂಡಕ್ಷನ್, ಮಿಕ್ಸರ್ ಮೂರೂ ಕೂಡಿ 17. ಆ ಬ್ರೇಕರಿಗೆ ಇದು ಲೆಕ್ಕಕ್ಕೇ ಇಲ್ಲ, ಆದರೆ ಆ ಸಣ್ಣ ವೈರಿಗೆ ಅದು ಬೆಂಕಿ.

ಏಪ್ರಿಲ್ ಮಧ್ಯ

ಹೊಸ ಲೈನ್ ಎಳೆದದ್ದಾಯಿತು. ನಮ್ಮದು ಕಲ್ಲಿನ ಗೋಡೆ, ಕೆಳಗೆ ಶಹಾಬಾದ್ ಫರಶಿ. ಕೊರೆಯಲು ಹೋದರೆ ಒಂದು ಗೋಡೆಗೆ ಎರಡು ದಿನ ಬೇಕು. ಅದಕ್ಕೆ ಮೇಲಿಂದಲೇ ಪಿವಿಸಿ ಪಟ್ಟಿ ಹೊಡೆದು ವೈರು ಒಯ್ದೆವು. ಚಂದ ಕಾಣುವುದಿಲ್ಲ ಅಂತ ಕಾಕಾ ಅಂದರು. ನನಗೆ ಈಗ ಪಟ್ಟಿ ನೋಡಿದರೇ ಧೈರ್ಯ, ಯಾವ ವೈರು ಎಲ್ಲಿ ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ.

ಗಿರಣಿಗೆ 2.5ರ ವೈರು, ಸಿ 10, ಅದಕ್ಕೇ ಒಂದು 16 ಆಂಪ್ಸ್ ಸಾಕೆಟ್ಟು. ಅಡುಗೆ ಕಟ್ಟೆಗೆ ಬೇರೆ 2.5, 16ರ ಬ್ರೇಕರ್. ಎಸಿಗೆ 4ರ ವೈರು, ಸಿ 20, ನಡುವೆ ಬೇರೆ ಯಾವ ಪಾಯಿಂಟೂ ಇಲ್ಲ. ಲೈಟು, ಫ್ಯಾನು, ಕೂಲರ್ ಎಲ್ಲ 1.5ರಲ್ಲಿ, 10ರ ಬ್ರೇಕರ್. ಎಸಿಯಿಂದ ಲೋಡ್ ಜಾಸ್ತಿ ಆಗುವುದರಿಂದ ಕರೆಂಟ್ ಆಫೀಸಿಗೆ ಅರ್ಜಿಯನ್ನೂ ಕೊಟ್ಟೆವು. ಮೀಟರಿನ ಸೀಲು ಇರುವ ಕಡೆ ನಾವ್ಯಾರೂ ಕೈ ಹಾಕಿಲ್ಲ.

ಕೆಲಸ ನಡೆದ ಮೂರು ದಿನ ಗಿರಣಿ ಬಂದ್. "ಹಿಟ್ಟಿಲ್ದ ರೊಟ್ಟಿ ಹ್ಯಾಂಗ ಬಡೀಲಿ?" ಅಂತ ಅವ್ವ ಕೇಳಿದ್ದೇ ಕೇಳಿದ್ದು. ಕೊನೆಗೆ ಓಣಿಯ ಗಿರಣಿಯಿಂದ ಬೀಸಿಕೊಂಡು ಬಂದೆ.

ಏಪ್ರಿಲ್ ಮೂರನೇ ವಾರ

ಆರ್‌ಸಿಸಿಬಿ ಹಾಕಿದೆವು, 30 ಮಿಲಿಆಂಪ್ಸಿನದು. ಎಂಸಿಬಿ ವೈರನ್ನು ಕಾದರೆ ಇದು ಮನುಷ್ಯರನ್ನು ಕಾಯುತ್ತದೆ. ಹೋದ ಕರೆಂಟು ಅಷ್ಟೇ ವಾಪಸ್ ಬಂತಾ ಅಂತ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರಿದೆ ಅಂತ ಲೈನ್ ಕಡಿಯುತ್ತದೆ. ಆದರೆ ಲೋಡ್ ಜಾಸ್ತಿಯಾದರೆ ಇದಕ್ಕೆ ಗೊತ್ತಾಗುವುದಿಲ್ಲ. ಎರಡೂ ಬೇಕು.

ಹಾಕಿದ ದಿನವೇ ತೊಂದರೆ. ದೇವರ ಜಗುಲಿಯ ಲೈಟು ಹಾಕಿದರೆ ಸಾಕು, ಇಡೀ ಮನೆ ಕತ್ತಲು. ಅರ್ಧ ದಿನ ಹುಡುಕಿದೆವು. ಲೈಟು, ಹೋಲ್ಡರ್, ಸ್ವಿಚ್ಚು ಎಲ್ಲ ಸರಿ. ಕೊನೆಗೆ ಸಿಕ್ಕಿತು: ಆ ಲೈಟಿಗೆ ಫೇಸ್ ನಮ್ಮ ಕೆಳಗಿನ ಮನೆಯದು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ವೈರು ಮಾತ್ರ ಯಾವಾಗಲೋ ಮೆಟ್ಟಿಲ ಲೈಟಿನಿಂದ ಎರವಲು ತಂದದ್ದು. ಮೆಟ್ಟಿಲ ಲೈನು ಆರ್‌ಸಿಸಿಬಿ ದಾಟಿ ಬರುವುದಿಲ್ಲ. ಕರೆಂಟು ಈ ಬಾಗಿಲಿಂದ ಹೋಗಿ ಆ ಬಾಗಿಲಿಂದ ಬರುತ್ತಿತ್ತು. ನ್ಯೂಟ್ರಲ್ ಸರಿಮಾಡಿದ ಮೇಲೆ ಗಟ್ಟಿ ನಿಂತಿತು. ಹಳೇ ಮನೆಯಲ್ಲಿ ಆರ್‌ಸಿಸಿಬಿ ಬೀಳುತ್ತದೆ ಅಂತ ತೆಗೆದು ಬಿಸಾಡುವವರನ್ನು ನೋಡಿದ್ದೇನೆ. ದಯವಿಟ್ಟು ತೆಗೆಯಬೇಡಿ, ಕಾರಣ ಹುಡುಕಿ.

ಅದೇ ದಿನ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ನೋಡಿದೆವು. ಯಾರೂ ಏನೂ ಮುಟ್ಟಬೇಡಿ ಅಂತ ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಚಾಚಾ ಆರ್‌ಸಿಸಿಬಿಗಿಂತ ಮೊದಲಿನ ಕಡೆಯಿಂದ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟ್ಸಿನ ಬಲ್ಬು ಹಿಡಿದರು. ಅರ್ಥ್ ಸರಿ ಇದ್ದರೆ ಪೂರ್ತಿ ಬೆಳಗಬೇಕಿದ್ದ ಬಲ್ಬು ಕೆಂಡದ ಹಾಗೆ ಮಬ್ಬಾಗಿ ಉರಿಯಿತು. ಹಿತ್ತಿಲಿನ ಕರಿಮಣ್ಣು ಬಿರುಕು ಬಿಟ್ಟು ಒಣಗಿತ್ತು. ಮಣ್ಣು ಒಣಗಿದರೆ ಅರ್ಥ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ತಡೆ 500 ಓಮ್ ಆಗಿದ್ದರೆ, ಫೇಸ್ ಬಂದು ಗಿರಣಿಯ ಮೈಗೆ ತಾಗಿದರೂ ಅರ್ಧ ಆಂಪ್ಸ್ ಹರಿಯುವುದೂ ಕಷ್ಟ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ಆರ್‌ಸಿಸಿಬಿ ಇಲ್ಲದಿದ್ದರೆ ಅವ್ವನ ಕೈಗೇ ಗೊತ್ತಾಗುತ್ತದೆ. ಹೊಸ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿದೆವು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕುವುದು ಈಗ ನನ್ನ ಕೆಲಸ.

ಮೇ ಎರಡನೇ ವಾರ

ಎಸಿ ಬಂತು. ನಡುಮಧ್ಯಾಹ್ನ ಕ್ಲ್ಯಾಂಪ್ ಹಾಕಿದಾಗ 7.3. ಅಜ್ಜ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾರೆ, ನನಗೆ ಅಷ್ಟು ಸಾಕು.

ಆದರೆ ಮೊನ್ನೆ ಅಡುಗೆ ಕಟ್ಟೆಯ 16 ಬಿತ್ತು. ಇಂಡಕ್ಷನ್ ಮತ್ತು ಕೆಟಲ್ ಕೂಡಿ 15.2, ಅಂಕಿ ದಾಟಿಲ್ಲ. ಡಿಬಿ ಬಾಕ್ಸ್ ಮುಟ್ಟಿ ನೋಡಿದೆ, ಹಂಚಿನ ಹಾಗೆ ಕಾದಿತ್ತು. ಅದು ಇರುವುದು ಪಡುವಣ ಗೋಡೆಗೆ, ಮಧ್ಯಾಹ್ನದಿಂದ ಸಂಜೆ ತನಕ ಬಿಸಿಲು. ಎಂಸಿಬಿಯ ಅಂಕಿ ಕಟ್ಟಿರುವುದು 30 ಡಿಗ್ರಿ ಲೆಕ್ಕದಲ್ಲಿ. ಇಲ್ಲಿ ಹೊರಗೇ 43. ಲೋಹದ ಪಟ್ಟಿ ಮೊದಲೇ ಬಿಸಿ ಇದ್ದರೆ ಬೇಗ ಬಾಗುತ್ತದೆ. 20 ಹಾಕಿಬಿಡೋಣ ಅಂತ ಅಣ್ಣ ಅಂದ. ಬೇಡ ಅಂದೆ, ಅದೇ ಬಿಸಿಲಿಗೆ ವೈರಿನ ತಾಕತ್ತೂ ಕಡಿಮೆಯಾಗಿರುತ್ತದೆ. ಕೆಟಲ್‌ಗೆ ಬೇರೆ ಲೈನಿನಲ್ಲಿರುವ ಊಟದ ಕೋಣೆಯ 16ರ ಪಾಯಿಂಟ್ ಕೊಟ್ಟೆವು, ಬಾಕ್ಸಿಗೆ ತಗಡಿನ ನೆರಳು ಕಟ್ಟಿದೆವು. ಆಮೇಲೆ ಬಿದ್ದಿಲ್ಲ.

ನಿನ್ನೆ ಅವ್ವ ಎರಡು ಸೇರು ಜೋಳ ಬೀಸಿದಳು. ಮುಗಿದ ಕೂಡಲೇ ಪ್ಲಗ್ ಕಿತ್ತು ಪಿನ್ನು ಹಿಡಿದು ನೋಡಿದೆ. ತಣ್ಣಗಿತ್ತು.

ಮೇಲಿನ ಮನೆ ಬಾಕಿ ಇದೆ. ಅಲ್ಲಿ 1 ಸ್ಕ್ವೇರ್ ಎಂಎಂ ವೈರಿನ ಮೇಲೆ ಎರಡು 16ರ ಸಾಕೆಟ್ಟು ಕೂರಿಸಿದ್ದಾರೆ. ಎರಡಕ್ಕೂ ಟೇಪ್ ಹಚ್ಚಿ, ಬ್ರೇಕರ್ ಇಳಿಸಿಟ್ಟಿದ್ದೇನೆ. ಚಾಚಾ ರವಿವಾರ ಬರುತ್ತಾರೆ.